ತಂದೆಯ ಪಗಾರ ಮಗನ ಅಪರಾಧವೆ?



ಮಾಲೇಗಾಂವ್ ಎಂಬ ಊರಿನ ಹೆಸರು ನಮ್ಮ ಗಿರಣಿ ಬಂಧುಗಳಿಗೆ ಹೊಸದಲ್ಲ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಮುಷ್ಕರ ಹೂಡಿದರು. ಮಾಲಕರು ಮಣಿಯಲಿಲ್ಲ. ಗಿರಣಿಯ ಭೋಂಗಾ ನಿಂತಿತು, ಆದರೆ ಬಟ್ಟೆಯ ವ್ಯಾಪಾರ ನಿಲ್ಲಲಿಲ್ಲ. ನಮ್ಮ ಕೈಯಿಂದ ಜಾರಿದ ನೂಲು ಭಿವಂಡಿಗೆ, ಇಚಲಕರಂಜಿಗೆ, ಮಾಲೇಗಾಂವಿಗೆ ಹೋಯಿತು. ಅಲ್ಲಿಯ ಸಣ್ಣ ಸಣ್ಣ ಕೋಣೆಗಳಲ್ಲಿ ವಿದ್ಯುತ್ ಮಗ್ಗಗಳು ಹಗಲು ರಾತ್ರಿ ಬಡಿದುಕೊಳ್ಳತೊಡಗಿದವು.

ಬಟ್ಟೆ ಹೋಯಿತು. ಬಟ್ಟೆಯ ಜತೆಗೆ ನಮ್ಮ ಹಕ್ಕು ಹೋಯಿತೆ? ಇಲ್ಲ. 1948ರ ರಾಜ್ಯ ವಿಮಾ ಕಾಯಿದೆಯಿಂದ ದೊರೆತ ಔಷಧೋಪಚಾರ, 1952ರ ಭವಿಷ್ಯನಿಧಿ ಕಾಯಿದೆಯಿಂದ ದೊರೆತ ಮುಪ್ಪಿನ ಹಣ, ಇವು ಪರೇಲಿನಲ್ಲಿಯೇ ಉಳಿದವು. ಮಾಲೇಗಾಂವಿನ ಮಗ್ಗದ ಕೋಣೆಯೊಳಗೆ ಅವು ಕಾಲಿಡಲಿಲ್ಲ. ಇಂದು ನಾವು ಬರೆಯಹೊರಟಿರುವುದು ಈ ಹಕ್ಕು ಇಲ್ಲದ್ದರಿಂದ ಎಲ್ಲರಿಗಿಂತ ಹೆಚ್ಚು ನೋಯುವವರ ಕುರಿತು. ಮಗನಿಗೋ ಮಗಳಿಗೋ ವಯಸ್ಸು ಬಂದಿದೆ, ದುಡಿಯುವ ಶಕ್ತಿ ಬಂದಿಲ್ಲ, ಬರುವುದೂ ಇಲ್ಲ, ಅಂತಹ ಮನೆಗಳ ಕುರಿತು.

ನಮ್ಮ ಸಂಘದ ಸದಸ್ಯರೊಬ್ಬರು ಆಗ್ರಾ ರಸ್ತೆಯ ಹೋಟೆಲೊಂದರಲ್ಲಿ ಅಡಿಗೆಯವರು. ಊರು ಕುಂದಾಪುರದ ಕಡೆ. ಮುಂಬಯಿಯಲ್ಲಿ ಹನ್ನೆರಡು ವರುಷ ದುಡಿದು, ಆ ಹೋಟೆಲು ಮುಚ್ಚಿದ ಮೇಲೆ, ನಾಸಿಕದಿಂದ ಸುಮಾರು ನೂರು ಕಿಲೋಮೀಟರು ಆಚೆಗಿರುವ ಮಾಲೇಗಾಂವಿಗೆ ಹೋದವರು. ಅವರ ಕಾಗದ ಬಂತೆಂದು ನಾವು ಮೂವರು ಅಲ್ಲಿಗೆ ಹೋದೆವು. ಅವರಿಗೆ ಈಗ 57 ವರುಷ, ಮಗನಿಗೆ 29. ಮಗನಿಗೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಇಲ್ಲ. ಉಣಿಸಬೇಕು, ತೊಳೆಯಬೇಕು, ಬಾಗಿಲು ತೆರೆದಿದ್ದರೆ ರಸ್ತೆಗೆ ಓಡುತ್ತಾನೆ. ತಾಯಿ ಹಿಂದೆ ನಾಲ್ಕು ಮನೆಗೆ ಹಪ್ಪಳ ಮಾಡಿಕೊಡುತ್ತಿದ್ದರು. ಮಗ ಬೆಳೆದು ಬಲವಾದ ಮೇಲೆ ಅದೂ ನಿಂತಿತು. ಎಂದರೆ ಒಬ್ಬನ ಅಂಗವಿಕಲತೆಯಿಂದ ಆ ಮನೆಗೆ ಇಬ್ಬರ ದುಡಿಮೆ ನಷ್ಟ. ಈ ಲೆಕ್ಕವನ್ನು ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ.

ಅವರ ಪಗಾರ ತಿಂಗಳಿಗೆ 15,000 ರೂಪಾಯಿ. ಮಗನಿಗೆ ಸರಕಾರದ ಮಾಸಾಶನ ಬೇಕೆಂದು ಅರ್ಜಿ ಹಾಕಿದರು. ಅರ್ಜಿ ತಿರುಗಿ ಬಂತು. ಕಾರಣ: ಕುಟುಂಬದ ವರಮಾನ ಹೆಚ್ಚು.

ಹದಿನೈದು ಸಾವಿರ ರೂಪಾಯಿಯಲ್ಲಿ ಮೂವರು ಬಾಳುವ ಮನೆ, ಅದರಲ್ಲೊಬ್ಬ ಜನ್ಮವಿಡೀ ಮಗುವಾಗಿಯೇ ಉಳಿಯುವವನು, ಇದು ಸರಕಾರದ ಕಣ್ಣಿಗೆ ಉಳ್ಳವರ ಮನೆ! ಇದು ಹೇಗಾಯಿತೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮಹಾರಾಷ್ಟ್ರದಲ್ಲಿ ಇಂತಹವರಿಗಾಗಿ ಇರುವ ಮುಖ್ಯ ಯೋಜನೆ 1980ರಲ್ಲಿ ಆರಂಭವಾದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ. ಅಂಗವಿಕಲರು, ವಿಧವೆಯರು, ಅನಾಥರು, ಕಠಿಣ ರೋಗಿಗಳು, ಎಲ್ಲರೂ ಇದರ ಕೆಳಗೆ ಬರುತ್ತಾರೆ. ತಿಂಗಳಿಗೆ 600 ರೂಪಾಯಿ ಇದ್ದದ್ದು 2019ರಲ್ಲಿ 1,000 ಆಯಿತು, 2023ರಲ್ಲಿ 1,500 ಆಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಮಂತ್ರಿಮಂಡಲ ಅಂಗವಿಕಲರಿಗೆ ಮಾತ್ರ ಇನ್ನೂ 1,000 ಸೇರಿಸಿ 2,500 ಮಾಡಿತು. ಒಳ್ಳೆಯದೇ ಆಯಿತು, ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ಎಲ್ಲಿದೆ? ಈ ಯೋಜನೆಯ ವರಮಾನದ ಮಿತಿ ವರುಷಕ್ಕೆ 21,000 ರೂಪಾಯಿ. ಅಂಗವಿಕಲರ ಮಟ್ಟಿಗೆ ಅದನ್ನು 50,000ಕ್ಕೆ ಏರಿಸಿದ್ದಾರೆ. ಅದು ಅಂಗವಿಕಲನ ಸ್ವಂತ ವರಮಾನವಲ್ಲ, ಇಡೀ ಕುಟುಂಬದ ವರಮಾನ.

ವರುಷಕ್ಕೆ 50,000 ಎಂದರೆ ದಿನಕ್ಕೆ 137 ರೂಪಾಯಿ. ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ಹುಡುಗನ ಪಗಾರವೂ ಇದಕ್ಕಿಂತ ಹೆಚ್ಚು. ಮಗ್ಗದ ಮುಂದೆ ಹನ್ನೆರಡು ತಾಸು ನಿಲ್ಲುವವನ ಕೂಲಿಯೂ ಹೆಚ್ಚು. ಹಾಗಾದರೆ ಈ ಮಿತಿಯೊಳಗೆ ಬರುವವರು ಯಾರು? ತಂದೆ ಸತ್ತಿರಬೇಕು, ಇಲ್ಲವೆ ಕೆಲಸ ಕಳೆದುಕೊಂಡಿರಬೇಕು, ಇಲ್ಲವೆ ಸುಳ್ಳು ಹೇಳಬೇಕು. ತಂದೆ ಬೆಳಗಿನ ನಾಲ್ಕಕ್ಕೆ ಎದ್ದು ಒಲೆಯ ಮುಂದೆ ಬೆಂದು ದುಡಿದರೆ, ಆ ದುಡಿಮೆಯೇ ಮಗನ ಹಕ್ಕನ್ನು ನುಂಗುತ್ತದೆ. ತಂದೆಯ ಪಗಾರ ಮಗನ ಅಪರಾಧವೆ?

ಅರ್ಜಿ ಬರೆದುಕೊಡುವ ಒಬ್ಬ ದಲ್ಲಾಳಿ ನಮ್ಮ ಅಡಿಗೆಯವರಿಗೆ ಉಪಾಯ ಹೇಳಿಕೊಟ್ಟನಂತೆ: “ವರಮಾನ 48,000 ಎಂದು ಬರೆಸೋಣ, ಎಲ್ಲರೂ ಹಾಗೆಯೇ ಮಾಡುತ್ತಾರೆ, ಖರ್ಚಿಗೆ ಇಷ್ಟು ಕೊಡಿ.” ಅವರು ಒಪ್ಪಲಿಲ್ಲ. “ಇಷ್ಟು ವರುಷ ಗಲ್ಲೆಯಿಂದ ನಾಲ್ಕಾಣೆ ಮುಟ್ಟಿದವನಲ್ಲ. ಈಗ ಮಗನ ಹೆಸರಿನಲ್ಲಿ ಸುಳ್ಳು ಬರೆಸಲಾ ಮಾರಾಯ್ರೇ?” ಎಂದು ನಮ್ಮನ್ನೇ ಕೇಳಿದರು. ನಾವು ಉತ್ತರ ಕೊಡಲಾರದೆ ಕುಳಿತೆವು. ಸುಳ್ಳು ಕಾಗದ ಮಾಡಿಸುವವನನ್ನು ಸರಕಾರ ಹಿಡಿಯಲಿ, ಬೇಡವೆನ್ನುವವರಾರು? 2025ರಲ್ಲಿ ಇದೇ ಮಾಲೇಗಾಂವಿನಲ್ಲಿ ತಡವಾಗಿ ಕೊಟ್ಟ ಜನನ ದಾಖಲೆಗಳ ತನಿಖೆಗೆ ವಿಶೇಷ ದಳ ಬಂತು. ಅಂದಿನಿಂದ ಸಾಚಾ ಕಾಗದವಿರುವ ಬಡವನೂ ಕಚೇರಿಯ ಮೆಟ್ಟಿಲು ಹತ್ತಲು ಅಂಜುತ್ತಾನೆಂದು ಅಲ್ಲಿಯವರು ನಮಗೆ ಹೇಳಿದರು. ನಾವು ಕೇಳುವುದಿಷ್ಟೆ: ಪ್ರಾಮಾಣಿಕನನ್ನು ಹೊರಗೆ ನಿಲ್ಲಿಸಿ ಸುಳ್ಳಾಡುವವನಿಗೆ ಬಾಗಿಲು ತೆರೆಯುವ ನಿಯಮವನ್ನು ಬರೆದವರು ಯಾರು? ಅವರ ತನಿಖೆ ಎಂದು?

ಅದೇ ಓಣಿಯಲ್ಲಿ ಇನ್ನೊಂದು ಮನೆಗೆ ಹೋದೆವು. ಆತ ಮಗ್ಗದ ಕೆಲಸಗಾರ, ಮೋಮಿನ್ ಸಮಾಜದವರು. 1857ರ ದಂಗೆಯ ತರುವಾಯ ಉತ್ತರದಿಂದ ಬಂದು ಮೋಸಮ್ ನದಿಯ ದಡದಲ್ಲಿ ನೆಲೆ ನಿಂತ ನೇಕಾರರ ಪೀಳಿಗೆ. ಅವರ ಮಗಳಿಗೆ 24 ವರುಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನದಲ್ಲಿಲ್ಲ. ಬುದ್ಧಿ ಚುರುಕಾಗಿದೆ, ನಮ್ಮೊಡನೆ ಚೆನ್ನಾಗಿ ಮಾತಾಡಿದಳು. ಈ ಹುಡುಗಿಯ ಲೆಕ್ಕ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು.

2024ರ ಜುಲೈಯಿಂದ ಮಹಾರಾಷ್ಟ್ರದಲ್ಲಿ ಲಾಡಕಿ ಬಹೀಣ ಯೋಜನೆ ನಡೆಯುತ್ತಿದೆ. 21ರಿಂದ 65 ವರುಷದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ. ಕುಟುಂಬದ ವರಮಾನದ ಮಿತಿ ವರುಷಕ್ಕೆ 2,50,000. ಮನೆಯಲ್ಲಿ ಮದುವೆಯಾಗದ ಒಬ್ಬ ಮಗಳಿಗೂ ಇದು ಸಿಗುತ್ತದೆ. ಹಾಗೆ ಈ ಹುಡುಗಿಗೆ 1,500 ಬರುತ್ತಿದೆ. ಆದರೆ ಅಂಗವಿಕಲಳೆಂದು 2,500 ಕೇಳಿದರೆ, ತಂದೆಯ ವರಮಾನ 50,000 ಮೀರಿದೆ, ಕೊಡಲಾಗದು! ಹೆಣ್ಣಾಗಿ ನಿಂತರೆ ಅವಳು ಬಡವಳು. ನಡೆಯಲಾರದವಳಾಗಿ ಕೂತರೆ ಅವಳು ಶ್ರೀಮಂತಳು. ಮನೆ ಅದೇ, ತಂದೆ ಅವನೇ, ಅಡಿಗೆಯ ಡಬ್ಬಿಯಲ್ಲಿ ಅಕ್ಕಿ ಅಷ್ಟೇ. ಅವಳಿಗೆ ಅಂಗವಿಕಲನಾದ ಅಣ್ಣನೊಬ್ಬನಿದ್ದಿದ್ದರೆ ಅವನಿಗೆ ಅದೂ ಇಲ್ಲ, ಇದೂ ಇಲ್ಲ.

ಅಕ್ಕತಂಗಿಯರಿಗೆ ಸಿಗುವ ಹಣವನ್ನು ಕಂಡು ನಾವು ಹೊಟ್ಟೆಕಿಚ್ಚು ಪಡುವವರಲ್ಲ. ನಮ್ಮ ಮನೆಯ ಹೆಂಗಸರಿಗೂ ಅದು ಬರುತ್ತದೆ. ನಾವು ಹೇಳುವುದು, ಎರಡೂವರೆ ಲಕ್ಷದ ಗೆರೆ ಎಳೆಯಬಲ್ಲ ಸರಕಾರಕ್ಕೆ ಅಂಗವಿಕಲರ ಮಟ್ಟಿಗೆ ಕೈ ನಡುಗುವುದೇಕೆ? ಹೆಣ್ಣುಮಕ್ಕಳ ಮತ ಲೆಕ್ಕಕ್ಕೆ ಸಿಗುತ್ತದೆ, ಖೋಲಿಯೊಳಗೆ ಮಲಗಿದವರ ಮತ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆಯೆ?

ಕಾನೂನು ಇಲ್ಲವೆ? ಇದೆ, ಚೆನ್ನಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 24ನೆಯ ಕಲಮು ಹೇಳುತ್ತದೆ: ಇಂತಹ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ಸಹಾಯ ಇತರರಿಗೆ ಕೊಡುವುದಕ್ಕಿಂತ ನೂರಕ್ಕೆ 25ರಷ್ಟಾದರೂ ಹೆಚ್ಚಿರಬೇಕು. ಹೆಚ್ಚು ಆಸರೆ ಬೇಕಾದವರನ್ನು ನೋಡಿಕೊಳ್ಳುವವರ ಸಲುವಾಗಿ ಪಾಲನಾ ಭತ್ಯವನ್ನೂ ಅದೇ ಕಲಮು ಹೆಸರಿಸಿದೆ. ಹಾಗಿದ್ದೂ 2023ರಲ್ಲಿ ನಿರಾಧಾರ ಅನುದಾನವನ್ನು 1,500 ಮಾಡಿದಾಗ ಅಂಗವಿಕಲನಿಗೂ 1,500, ಇತರರಿಗೂ 1,500. ಕಾಯಿದೆಯ ಪ್ರಕಾರ 1,875 ಆಗಬೇಕಿತ್ತು. ಕಾಯಿದೆ ಬಂದು ಎಂಟು ವರುಷ ಕಳೆದ ಮೇಲೆ, 2025ರಲ್ಲಿ, ಈ ಅಂತರ ಬಂತು.

ಅದಾದರೂ ತಾನಾಗಿ ಬಂತೆ? 2025ರ ಜೂನಿನಲ್ಲಿ ಅಮರಾವತಿ ಜಿಲ್ಲೆಯ ಮೋಝರಿಯಲ್ಲಿ ಬಚ್ಚು ಕಡೂ ಅವರು ಉಪವಾಸ ಕೂತರು. ರೈತರ ಸಾಲಮನ್ನಾದ ಜತೆಗೆ ಅವರು ಕೇಳಿದ್ದು ಅಂಗವಿಕಲರಿಗೆ ತಿಂಗಳಿಗೆ 6,000 ರೂಪಾಯಿ. ಮೂರು ತಿಂಗಳ ಮೇಲೆ ಸಿಕ್ಕಿದ್ದು 2,500. ಕೇಳಿದವರಿಗೆ ಇಷ್ಟು, ಕೇಳದಿದ್ದವರಿಗೆ ಎಷ್ಟು ಎಂಬುದನ್ನು ಯೋಚಿಸಿರಿ.

ಇನ್ನು ಕೇಂದ್ರ ಸರಕಾರದ ಕೊಡುಗೆ. 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಮಾಸಾಶನ ಆರಂಭವಾಯಿತು, ತಿಂಗಳಿಗೆ 200 ರೂಪಾಯಿ. 2012ರಲ್ಲಿ ಅದು 300 ಆಯಿತು. ಅಲ್ಲಿಂದೀಚೆಗೆ ಎಷ್ಟು ಸಲ ತುಟ್ಟಿಭತ್ಯ ಏರಿಲ್ಲ, ಎಷ್ಟು ಸಲ ಶಾಸಕರ ಪಗಾರ ಏರಿಲ್ಲ! ಈ 300 ಮಾತ್ರ ಕೂತಲ್ಲಿಯೇ ಕೂತಿದೆ. ಅದಕ್ಕೂ ಬಡತನದ ರೇಖೆಯ ಕೆಳಗಿನ ಕಾರ್ಡು ಬೇಕು, ಅಂಗವಿಕಲತೆ ನೂರಕ್ಕೆ 80 ಇರಬೇಕು. ನಮ್ಮ ಅಡಿಗೆಯವರ ಮಗನಿಗೆ ವೈದ್ಯರು ಬರೆದದ್ದು 75. ಆ ಐದು ಅಂಕದಿಂದ ಅವನು ತಾನೇ ಸ್ನಾನ ಮಾಡಿಕೊಳ್ಳಬಲ್ಲನೆ? ತಾನೇ ಉಣ್ಣಬಲ್ಲನೆ?

“ಊರಿಗೆ ಕಳಿಸಿಬಿಡಿ” ಎಂದು ಸಲಹೆ ಕೊಡುವವರಿದ್ದಾರೆ. ಊರಿನಲ್ಲಿ ಹಾಲು ಹರಿಯುತ್ತದೆಯೆ? ಕರ್ನಾಟಕದಲ್ಲಿ 2021ರಲ್ಲಿ ಸಾಧಾರಣ ಅಂಗವಿಕಲರ ಮಾಸಾಶನ 600ರಿಂದ 800 ಆಯಿತು, ತೀವ್ರ ಅಂಗವಿಕಲರಿಗೆ 1,400. ಅದೇ ರಾಜ್ಯದಲ್ಲಿ 2023ರಲ್ಲಿ ಮನೆಯೊಡತಿಗೆ ಗೃಹಲಕ್ಷ್ಮಿಯ 2,000 ಬಂತು. ಇಪ್ಪತ್ತೈದು ಶೇಕಡಾ ಹೆಚ್ಚು ಎಂಬ ಮಾತನ್ನು ಅಲ್ಲಿಯೂ ಯಾರೂ ಓದಿದಂತಿಲ್ಲ. ಪಾಲಕರ ವಿಷಯದಲ್ಲಿ ಮಾತ್ರ ಕರ್ನಾಟಕ ಒಂದು ಹೆಜ್ಜೆ ಮುಂದಿಟ್ಟಿತು: ಮೆದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ ಮೊದಲಾದ ನಾಲ್ಕು ರೋಗಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವೆವೆಂದು 2024ರ ಬಜೆಟ್ಟಿನಲ್ಲಿ ಸಾರಿತು. ಕೇರಳವಾದರೋ ಇದಕ್ಕೂ ಮೊದಲೇ ಆಶ್ವಾಸಕಿರಣವೆಂಬ ಯೋಜನೆಯಲ್ಲಿ ಪಾಲಕರಿಗೆ 600 ಗೊತ್ತುಮಾಡಿತ್ತು. ಮಹಾರಾಷ್ಟ್ರ ಇವರಿಂದ ಕಲಿಯಲಿ.

ಆದರೆ ಕೇರಳದ ಹೆಸರೆತ್ತಿದ ಮೇಲೆ ನಮ್ಮ ಕಾಸರಗೋಡಿನ ಬಂಧುಗಳು ಸುಮ್ಮನಿರಲಾರರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು, ಎಣ್ಮಕಜೆ ಮೊದಲಾದ ಊರುಗಳಲ್ಲಿ ಮನೆಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳು ಈಗ ಹರೆಯ ದಾಟಿದ್ದಾರೆ. ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಮ್ ಕೋರ್ಟು 2017ರ ಜನವರಿ 10ರಂದು ಆಜ್ಞೆ ಮಾಡಿತು. ಐದು ವರುಷದ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಜನಕ್ಕೆ. ಆ ಎಂಟು ಮಂದಿಯೂ ಕೋರ್ಟಿನ ಮೆಟ್ಟಿಲು ಹತ್ತಿದವರು. ದೇಶದ ಅತ್ಯುಚ್ಚ ನ್ಯಾಯಾಲಯದ ಆಜ್ಞೆಯೇ ಹೀಗೆ ಬಿದ್ದಿರುವಾಗ, ಮಾಲೇಗಾಂವಿನ ಓಣಿಯ ಒಂದು ಅರ್ಜಿಗೆ ಒಬ್ಬೊಬ್ಬರೇ ಹೋದರೆ ಉತ್ತರ ಸಿಗುವುದೆ?

ಈಗ ಒಂದು ಮುಖ್ಯ ಮಾತು. “ಅಂಗವಿಕಲನ ಸ್ವಂತ ವರಮಾನವನ್ನು ಮಾತ್ರ ನೋಡುವುದು ಸಾಧ್ಯವಿಲ್ಲ, ಹಾಗೆ ಮಾಡಿದರೆ ಖಜಾನೆ ಬರಿದಾಗುತ್ತದೆ” ಎನ್ನುತ್ತಾರೆ. ಸಾಧ್ಯವಿಲ್ಲವೆ? ಕೇಂದ್ರ ಸರಕಾರ ತನ್ನ ನೌಕರರ ಮಕ್ಕಳಿಗೆ ಹಾಗೆಯೇ ಮಾಡುತ್ತಿದೆ. ಸರಕಾರಿ ನೌಕರ ತೀರಿಕೊಂಡು, ಅವನ ಮಡದಿಯೂ ತೀರಿಕೊಂಡ ಮೇಲೆ, ದುಡಿಯಲಾರದ ಅಂಗವಿಕಲ ಮಗನಿಗೋ ಮಗಳಿಗೋ ಜೀವಮಾನವಿಡೀ ಕುಟುಂಬ ನಿವೃತ್ತಿ ವೇತನ ಸಿಗುತ್ತದೆ. ನೌಕರನ ಕೊನೆಯ ಪಗಾರದ ನೂರಕ್ಕೆ 30. ಕನಿಷ್ಠ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯ. ವರಮಾನದ ನಿಯಮವನ್ನು 2021ರ ಫೆಬ್ರವರಿಯಲ್ಲಿ ಸಡಿಲಿಸಿದರು. ಅಲ್ಲಿ ನೋಡುವುದು ಆ ಅಂಗವಿಕಲನ ಸ್ವಂತ ವರಮಾನವನ್ನು. ಅವನ ಅಣ್ಣನದಲ್ಲ, ಅತ್ತಿಗೆಯದಲ್ಲ. ಇದು ನ್ಯಾಯವಾದ ನಿಯಮ. ಆ ಮಕ್ಕಳಿಂದ ಕಿತ್ತುಕೊಳ್ಳಿ ಎಂದು ನಾವು ಹೇಳುವವರಲ್ಲ. ನಮ್ಮ ಮಕ್ಕಳಿಗೂ ಅದೇ ಅಳತೆಗೋಲು ಹಿಡಿಯಿರಿ ಎನ್ನುತ್ತೇವೆ.

ಕಾರ್ಮಿಕನ ಮಗನಿಗೆ ಏನಿದೆ? ಭವಿಷ್ಯನಿಧಿಯ ಜತೆಗೆ 1995ರ ನವೆಂಬರಿನಿಂದ ನಡೆದ ಪಿಂಚಣಿ ಯೋಜನೆಯಲ್ಲಿ ಸದಸ್ಯ ತೀರಿದರೆ ಮಕ್ಕಳಿಗೆ 25 ವರುಷದ ವರೆಗೆ ಪಿಂಚಣಿ. ಪೂರ್ಣವಾಗಿ ಶಾಶ್ವತವಾಗಿ ಅಂಗವಿಕಲನಾದ ಮಗನಿಗೋ ಮಗಳಿಗೋ ವಯಸ್ಸಿನ ಕಟ್ಟಿಲ್ಲ, ಬದುಕಿರುವವರೆಗೂ ಕೊಡಬೇಕು. ಈ ನಿಯಮವನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಆದರೆ ಮೊತ್ತ ನೋಡಿರಿ: 2014ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಕನಿಷ್ಠ ದರ, ತಾಯಿ ಬದುಕಿದ್ದರೆ ಮಗುವಿಗೆ 250 ರೂಪಾಯಿ, ತಾಯಿಯೂ ಇಲ್ಲದ ಅನಾಥನಿಗೆ 750. ಅತ್ತ 9,000, ಇತ್ತ 750. ಇಬ್ಬರೂ ನಡೆಯಲಾರದವರೇ, ಇಬ್ಬರಿಗೂ ತಂದೆತಾಯಿ ಇಲ್ಲ. ಒಬ್ಬನ ತಂದೆ ಸರಕಾರದ ಕುರ್ಚಿಯಲ್ಲಿ ಕೂತಿದ್ದ, ಇನ್ನೊಬ್ಬನ ತಂದೆ ಮಾಲಕನ ಮಗ್ಗದ ಮುಂದೆ ನಿಂತಿದ್ದ. ಬೇರೆ ಭೇದವೇನು?

ಅಮೆರಿಕೆಯಂತಹ ಬಂಡವಾಳದ ರಾಜ್ಯದಲ್ಲಿಯೂ 1956ರಲ್ಲಿಯೇ ತಮ್ಮ ಸಾಮಾಜಿಕ ಭದ್ರತೆಯ ಕಾಯಿದೆ ತಿದ್ದಿ, ಚಿಕ್ಕಂದಿನಿಂದ ಅಂಗವಿಕಲರಾದವರಿಗೆ ವಯಸ್ಸಿಗೆ ಬಂದ ಮೇಲೂ ತಂದೆಯ ಖಾತೆಯಿಂದ ಹಣ ಸಿಗುವಂತೆ ಮಾಡಿದರು. ಅದಕ್ಕೆ ತಂದೆ ಸಾಯಬೇಕಾಗಿಲ್ಲ. ನಿವೃತ್ತನಾದರೆ ಸಾಕು, ಅವನ ಮೊತ್ತದ ಅರ್ಧದಷ್ಟು ಮಗನಿಗೆ ಬೇರೆ. ಸತ್ತರೆ ಮುಕ್ಕಾಲು ಪಾಲು. ಮುದುಕನಾದ ತಂದೆಗೆ ಕೈ ನಿಂತಾಗಲೇ ಮಗನಿಗೆ ಹೆಚ್ಚು ಆಸರೆ ಬೇಕೆಂಬುದು ಅವರಿಗೆ ಹೊಳೆಯಿತು. ನಮ್ಮವರಿಗೆ ತಂದೆಯ ಹೆಣ ಕಾಣಬೇಕು.

ಮಾಲೇಗಾಂವಿನಲ್ಲಿ ಆ 750ಕ್ಕೂ ಗತಿಯಿಲ್ಲ. ಮಗ್ಗದ ಮಾಲಕರು ಒಂದೇ ಛಾವಣಿಯ ಕೆಳಗಿನ ಮಗ್ಗಗಳನ್ನು ಹೆಂಡತಿ, ತಮ್ಮ, ಭಾವಮೈದುನರ ಹೆಸರಿಗೆ ಹಂಚುತ್ತಾರೆ. ಹಾಜರಿ ಪುಸ್ತಕವಿಲ್ಲ, ವಾರದ ಕೂಲಿ ಕೈಗೆ ಎಣಿಸಿದರೆ ತೀರಿತು. ಇಪ್ಪತ್ತು ಜನ ಇದ್ದರೆ ಭವಿಷ್ಯನಿಧಿ, ಹತ್ತು ಜನ ಇದ್ದರೆ ರಾಜ್ಯ ವಿಮೆ. ಕಾಗದದ ಮೇಲೆ ಎಲ್ಲಿಯೂ ಹತ್ತು ಜನ ಇರುವುದೇ ಇಲ್ಲ! ನಮ್ಮ ಹೋಟೆಲು ಮಾಲಕರೇನು ಇದಕ್ಕೆ ಹಿಂದೆಯೆ? ಮೂವತ್ತು ಜನ ದುಡಿಯುವ ಹೋಟೆಲಿನ ರಿಜಿಸ್ಟರಿನಲ್ಲಿ ಒಂಬತ್ತು ಹೆಸರು ಇರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಂತಹ ಮಾಲಕರು ನಮ್ಮ ಊರಿನವರೇ, ನಮ್ಮ ಭಾಷೆಯವರೇ ಎಂಬುದರಿಂದ ಪಾಪ ಕಡಿಮೆಯಾಗುವುದಿಲ್ಲ.

“ಮಕ್ಕಳನ್ನು ನೋಡಿಕೊಳ್ಳುವುದು ತಾಯಿತಂದೆಯ ಧರ್ಮ, ಎಲ್ಲಕ್ಕೂ ಸರಕಾರದ ಬಾಗಿಲಿಗೆ ಹೋಗುವುದೆ?” ಎಂದು ಕೆಲವು ದೊಡ್ಡ ಮನುಷ್ಯರು ಉಪದೇಶಿಸುತ್ತಾರೆ. ಮಾಲೇಗಾಂವಿನ ಆ ತಾಯಿ ಇಪ್ಪತ್ತೊಂಬತ್ತು ವರುಷದಿಂದ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿಲ್ಲ. ಅವರಿಗೆ ಧರ್ಮ ಬೋಧಿಸುವ ಯೋಗ್ಯತೆ ಯಾರಿಗಿದೆ? ತಾಯಿತಂದೆ ತಮ್ಮ ಧರ್ಮವನ್ನು ನಡೆಸಿಯೇ ಇದ್ದಾರೆ. ನಡೆಸದಿರುವುದು ಮತ್ತೊಬ್ಬರು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 2007ರಲ್ಲಿ ಒಪ್ಪಿಗೆ ಹಾಕಿತು. ಅದರ 28ನೆಯ ವಿಧಿಯಲ್ಲಿ ಅಂಗವಿಕಲರಿಗೂ ಅವರ ಕುಟುಂಬಕ್ಕೂ ತಕ್ಕಮಟ್ಟಿನ ಜೀವನ, ಸಾಮಾಜಿಕ ರಕ್ಷಣೆ ಹಕ್ಕೆಂದು ಬರೆದಿದೆ. ಭಿಕ್ಷೆಯೆಂದು ಬರೆದಿಲ್ಲ.

“ಹಣವೆಲ್ಲಿದೆ?” ಎಂದು ಮತ್ತೆ ಕೇಳುತ್ತಾರೆ. 2016ರ ಕಾಯಿದೆಯಲ್ಲಿಯೂ “ಸರಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ” ಎಂಬ ಒಂದು ಸಂದು ಇಟ್ಟುಕೊಂಡಿದ್ದಾರೆ, ನುಸುಳಿಕೊಳ್ಳಲು. ಚುನಾವಣೆ ಬಂದಾಗ ಈ ಮಿತಿ ಹೇಗೆ ಹಿಗ್ಗುತ್ತದೆ, ಮತ ಬಿದ್ದ ಮರುದಿನ ಹೇಗೆ ಕುಗ್ಗುತ್ತದೆ ಎಂಬುದನ್ನು ನಾವೆಲ್ಲ ಕಂಡವರೇ.

ಬಂಧುಗಳೆ, ಸರಕಾರವನ್ನೂ ಮಾಲಕರನ್ನೂ ಬೈದದ್ದಾಯಿತು. ಈಗ ನಮ್ಮ ಕಡೆಗೂ ತಿರುಗಿ ನೋಡೋಣ. ನಮ್ಮಲ್ಲಿ ಎಷ್ಟು ಮಂದಿ ಇಂತಹ ಮಗುವನ್ನು ಊರಿನ ಚಾವಡಿಯ ಮೂಲೆಯಲ್ಲಿ ಮುಚ್ಚಿಟ್ಟಿದ್ದೇವೆ? ಉಳಿದ ಮಗಳ ಮದುವೆಗೆ ಅಡ್ಡಿಯಾದೀತೆಂದು ಎಷ್ಟು ಮಂದಿ ಅವನ ಹೆಸರನ್ನೇ ಹೇಳುವುದಿಲ್ಲ? ರೇಶನ್ ಕಾರ್ಡಿನಲ್ಲಿ ಅವನ ಹೆಸರಿಲ್ಲ, ಭವಿಷ್ಯನಿಧಿಯ ನಮೂನೆಯಲ್ಲಿಲ್ಲ, ವಿಮೆಯ ಕಾರ್ಡಿನಲ್ಲಿಲ್ಲ. ನಾವೇ ಬರೆಸದ ಹೆಸರನ್ನು ಸರಕಾರ ಓದುವುದು ಹೇಗೆ?

ರಾಜ್ಯ ವಿಮೆಯ ಕಾಯಿದೆಯಲ್ಲಿ “ಕುಟುಂಬ” ಎಂಬ ಮಾತಿಗೆ ಅರ್ಥ ಹೇಳುವಾಗ, ದೇಹದ ಅಥವಾ ಬುದ್ಧಿಯ ನ್ಯೂನತೆಯಿಂದ ಅಶಕ್ತನಾಗಿ ಕಾರ್ಮಿಕನ ದುಡಿಮೆಯನ್ನೇ ಪೂರ್ತಿ ನಂಬಿದ ಮಗು, ಆ ಅಶಕ್ತಿ ಇರುವವರೆಗೆ, ಕುಟುಂಬದವನೇ ಎಂದು ಬರೆದಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ. ಎಂದರೆ ಮಗನಿಗೆ 29 ಆಗಲಿ 39 ಆಗಲಿ, ತಂದೆಯ ವಿಮೆಯ ಮೇಲೆ ಅವನಿಗೆ ಔಷಧೋಪಚಾರ ಸಿಗತಕ್ಕದ್ದು. “ದೊಡ್ಡವನಾದ, ಹೆಸರು ತೆಗೆದಿದ್ದೇವೆ” ಎಂದು ಯಾರಾದರೂ ಹೇಳಿದರೆ ಹಿಂದಿರುಗಿ ಬರಬೇಡಿರಿ. ಇನ್ನೊಂದು ಮಾತು. 18 ತುಂಬಿದ ಮೇಲೆ ತಾಯಿತಂದೆಯರು ಕಾನೂನಿನ ದೃಷ್ಟಿಯಲ್ಲಿ ತಾನಾಗಿ ಪೋಷಕರಲ್ಲ. ಬುದ್ಧಿಮಾಂದ್ಯ, ಆಟಿಸಮ್, ಮೆದುಳಿನ ಪಾರ್ಶ್ವವಾಯು, ಬಹುವಿಕಲತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಪತ್ರ ಪಡೆಯಬೇಕು. ಬ್ಯಾಂಕಿನ ಖಾತೆಗೆ ಅದು ಬೇಕಾಗುತ್ತದೆ. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ವರುಷಕ್ಕೆ 1 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ತಿಳಿಯದಿದ್ದರೆ ಇದೂ ಹೋಯಿತು.

ನಮ್ಮಂತಹ ವಲಸೆಗಾರರಿಗೆ ಇನ್ನೊಂದು ತೊಡಕಿದೆ. ನಿರಾಧಾರ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರುಷ ವಾಸವಾಗಿರುವ ಪುರಾವೆ ಬೇಕು. ಹೋಟೆಲಿನ ಅಟ್ಟದ ಮೇಲೆ ಮಲಗಿ ಇಪ್ಪತ್ತು ವರುಷ ಕಳೆದವನಿಗೆ ಪುರಾವೆ ಎಲ್ಲಿಂದ ಬರಬೇಕು? ಇಲ್ಲಿ ಕೇಳಿದರೆ “ನೀವು ಕರ್ನಾಟಕದವರು”, ಅಲ್ಲಿ ಕೇಳಿದರೆ “ನೀವು ಮುಂಬಯಿಯವರು”. ದುಡಿಯಲು ಎರಡು ರಾಜ್ಯ, ಕೇಳಲು ಒಂದೂ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ:

ಒಂದು: 18 ವರುಷ ಮೀರಿದ ಅಂಗವಿಕಲನ ಮಾಸಾಶನಕ್ಕೆ ಅವನ ಸ್ವಂತ ವರಮಾನವನ್ನು ಮಾತ್ರ ನೋಡಬೇಕು. ಈ ನಿಯಮ ಬರುವವರೆಗೆ ಕುಟುಂಬದ ಮಿತಿಯನ್ನು 50,000ದಿಂದ 2,50,000ಕ್ಕೆ ಏರಿಸಬೇಕು. ಅಕ್ಕತಂಗಿಯರಿಗೆ ಎಳೆದ ಗೆರೆಯನ್ನೇ ಇವರಿಗೂ ಎಳೆಯಲಿ.

ಎರಡು: 2016ರ ಕಾಯಿದೆಯಲ್ಲಿ ಹೆಸರಿಸಿರುವ ಪಾಲನಾ ಭತ್ಯವನ್ನು ಮಹಾರಾಷ್ಟ್ರದಲ್ಲಿಯೂ ಪ್ರತಿ ತಿಂಗಳು ಕೊಡಬೇಕು. ಮಗನಿಗಾಗಿ ಕೆಲಸ ಬಿಟ್ಟ ತಾಯಿಯ ದುಡಿಮೆಗೆ ಬೆಲೆ ಇದೆ.

ಮೂರು: ಕೇಂದ್ರದ 300 ರೂಪಾಯಿಯನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸಬೇಕು, 80 ಶೇಕಡಾ ಎಂಬ ಕಟ್ಟನ್ನು ತೆಗೆಯಬೇಕು.

ನಾಲ್ಕು: ಭವಿಷ್ಯನಿಧಿಯ ಪಿಂಚಣಿಯಲ್ಲಿ ಅಂಗವಿಕಲ ಮಗುವಿನ ಪಾಲು ತಂದೆ ನಿವೃತ್ತನಾದ ದಿನದಿಂದಲೇ ಆರಂಭವಾಗಬೇಕು, ಮತ್ತು ಅದು ಉಣ್ಣಲು ಸಾಲುವಷ್ಟಿರಬೇಕು.

ಐದು: ಒಂದೇ ಛಾವಣಿಯ ಮಗ್ಗಗಳನ್ನೂ ಒಂದೇ ಹೋಟೆಲಿನ ಕೆಲಸಗಾರರನ್ನೂ ಒಟ್ಟಾಗಿ ಎಣಿಸಿ ವಿಮೆ, ಭವಿಷ್ಯನಿಧಿ ಜಾರಿಗೊಳಿಸಬೇಕು.

ಆರು: ರಾಜ್ಯದಿಂದ ರಾಜ್ಯಕ್ಕೆ ಹೋಗಿ ದುಡಿಯುವವರ ಅಂಗವಿಕಲ ಮಕ್ಕಳಿಗೆ 15 ವರುಷದ ವಾಸದ ಷರತ್ತು ಇರಬಾರದು.

ಇವು ಒಂದು ಸಂಘದಿಂದ ಆಗುವ ಕೆಲಸವಲ್ಲ. ಮಾಲೇಗಾಂವಿನ ಮಗ್ಗದವರ ಜತೆಗೆ, ಮರಾಠಿ, ಉರ್ದು ಮಾತಾಡುವ ಬಂಧುಗಳ ಜತೆಗೆ ಕೂಡಿ ಕೇಳಬೇಕು. ಆ ಓಣಿಯಲ್ಲಿ ಕುಂದಾಪುರದ ಅಡಿಗೆಯವರೂ ಮೋಮಿನ್ ನೇಕಾರರೂ ಒಬ್ಬರ ಮಗುವನ್ನು ಒಬ್ಬರು ನೋಡಿಕೊಳ್ಳುತ್ತಾರೆ. ಒಬ್ಬರ ತಾಯಿ ಆಸ್ಪತ್ರೆಗೆ ಹೋದಾಗ ಇನ್ನೊಬ್ಬರ ಮನೆಯಾಕೆ ಬಂದು ಕೂರುತ್ತಾರೆ. ನಮಗೆ ಅವರು ಆಗಲೇ ದಾರಿ ತೋರಿಸಿದ್ದಾರೆ.

ಸಂಘದ ಕಚೇರಿಯಲ್ಲಿ ಈ ತಿಂಗಳಿನಿಂದ ಒಂದು ದಫ್ತರ ಇಟ್ಟಿದ್ದೇವೆ. ಯಾರ ಮನೆಯಲ್ಲಿ ಇಂತಹ ಮಗನೋ ಮಗಳೋ ಇದ್ದಾರೋ ಅವರು, ಇಲ್ಲಿರಲಿ ಊರಿನಲ್ಲಿರಲಿ, ಬಂದು ಹೆಸರು ಬರೆಸಿರಿ. ವೈದ್ಯರ ಪ್ರಮಾಣಪತ್ರ, ಆಧಾರ ಕಾರ್ಡು, ರೇಶನ್ ಕಾರ್ಡು, ಪಗಾರದ ಚೀಟಿ ತನ್ನಿರಿ. ಭವಿಷ್ಯನಿಧಿಯ 2ನೆಯ ನಮೂನೆಯಲ್ಲಿ ಆ ಮಗುವಿನ ಹೆಸರು ಇದೆಯೋ ಇಲ್ಲವೋ ನೋಡಿಕೊಡುತ್ತೇವೆ. ಯಾರೂ ಸುಳ್ಳು ವರಮಾನ ಬರೆಸಬೇಡಿರಿ. ನಮ್ಮ ನಿಜವಾದ ಪಗಾರವನ್ನು ಬರೆದೇ ಅರ್ಜಿ ಹಾಕೋಣ. ತಿರಸ್ಕರಿಸಲಿ, ತಿರಸ್ಕಾರದ ಕಾಗದವನ್ನು ಬರಹದಲ್ಲಿ ಕೇಳಿ ಪಡೆಯೋಣ. ಅಂತಹ ನೂರು ಕಾಗದ ಕೂಡಿದರೆ ಅದೇ ನಮ್ಮ ಮನವಿಪತ್ರ. ಅದನ್ನು ಹಿಡಿದು ಮಂತ್ರಾಲಯದ ಬಾಗಿಲಿಗೆ ಹೋಗೋಣ.

ನಾವು ಹೊರಡುವಾಗ ಆ ಅಡಿಗೆಯವರು ಬಸ್ ನಿಲ್ದಾಣದ ತನಕ ಬಂದರು. ಮಗನ ಕೈ ಹಿಡಿದುಕೊಂಡೇ ಬಂದಿದ್ದರು. “ನಾನು ಇರುವಷ್ಟು ದಿನ ಹೇಗೋ ಆದೀತು. ನಾನು ಹೋದ ಮೇಲೆ ಈ ಮಾಣಿಗೆ ಯಾರು?” ಎಂದರು. ಬಸ್ಸು ಹೊರಟಿತ್ತು, ನಾವು ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಈಗ ಹೇಳುತ್ತೇವೆ: ಸಂಘವಿದೆ. ಆದರೆ ಸಂಘವೆಂದರೆ ಕಚೇರಿಯ ಬೀಗದ ಕೈಯಲ್ಲ, ನೀವು. ಬರುವ ಸಭೆಗೆ ಬನ್ನಿರಿ.